ಕೆರೆ ಏರಿಯ ಮೇಲೆ ಬಂದ ಮಾತು

ದೆವ್ವ, ಗಾಳಿ ಸೋಕುವುದು, ಮೈಮೇಲೆ ಬರುವುದು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆ ಎಂದೂ ಹೇಳಲಾರೆ. ಇದ್ದಿದ್ದರೆ ನಾನು ಮಾಡುವ ಕೆಲಸವನ್ನು ಒಂದು ವಾರವೂ ಮಾಡಲಾಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಹೊಸಕೋಟೆಯ ಹಳೇ ಬೀದಿಗಳಲ್ಲಿ ಜನರನ್ನು ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗಿ, ಹಿಂದೆ ಎಲ್ಲೆಲ್ಲಿ ಕೊಲೆ, ದರೋಡೆ ನಡೆದಿತ್ತೋ ಆ ಜಾಗಗಳನ್ನು ತೋರಿಸಿ ಕಥೆ ಹೇಳುವುದು ನನ್ನ ಕೆಲಸ. ಇದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ನಮ್ಮ ಮನೆಯವಳು ಈಗಲೂ ಕೇಳುತ್ತಾಳೆ.

ಒಂದು ಕಾಲದಲ್ಲಿ ನಾನು ಸಂಜೆ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಅಪರಾಧ ಸುದ್ದಿ ಬರೆಯುತ್ತಿದ್ದೆ. ಪತ್ರಿಕೆ ಮುಚ್ಚಿತು. ಬೇರೆ ಏನೂ ಬರದ ಮನುಷ್ಯ ನಾನು, ನನಗೆ ಗೊತ್ತಿದ್ದದ್ದು ಯಾವ ಬೀದಿಯಲ್ಲಿ ಯಾರು ಯಾರನ್ನು ಕೊಂದರು ಎಂಬುದಷ್ಟೇ. ಅದನ್ನೇ ಕಾಲ್ನಡಿಗೆಯ ಪ್ರವಾಸ ಮಾಡಿದರೆ ಜನ ಬರುತ್ತಾರೆ ಎಂದು ಗೆಳೆಯನೊಬ್ಬ ಹೇಳಿದಾಗ ನಕ್ಕಿದ್ದೆ. ಜನ ಬಂದರು. ನಮ್ಮ ಊರಿನ ಬೆಳಗಿನ ಜಾವದ ಬಿರಿಯಾನಿಯ ವಿಷಯ ನಿಮಗೂ ಗೊತ್ತಿರಬಹುದು. ವೈಟ್‌ಫೀಲ್ಡ್, ಕಾಡುಗೋಡಿ ಕಡೆಯ ಅಪಾರ್ಟ್‌ಮೆಂಟುಗಳಿಂದ ಕತ್ತಲಲ್ಲೇ ಎದ್ದು ಬಂದು, ಸಾಲಿನಲ್ಲಿ ನಿಂತು ಬಿರಿಯಾನಿ ತಿಂದು, ತಿಂದದ್ದು ಕರಗಲಿ ಎಂದು ಕೊಲೆಯ ಕಥೆ ಕೇಳಲು ನನ್ನ ಹಿಂದೆ ನಡೆಯುತ್ತಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಒಳ್ಳೆಯ ಜನ, ಚಪ್ಪಾಳೆ ತಟ್ಟುತ್ತಾರೆ. ಆದರೆ ಅದೇ ಸತ್ತವರನ್ನು ಪ್ರತಿ ವಾರ ಎಬ್ಬಿಸಿ, ಅದೇ ಮಾತುಗಳಲ್ಲಿ ಮತ್ತೆ ಸಾಯಿಸಿ, ಮನೆಗೆ ಬಂದು ಊಟ ಮಾಡಿ ಮಲಗುವುದು ಮನುಷ್ಯನನ್ನು ಸುಸ್ತು ಮಾಡುತ್ತದೆ. ಮಂಡಿ ನೋವಿಗೆ ಎಣ್ಣೆ ಇದೆ. ಈ ಸುಸ್ತಿಗೆ ಏನು ಹಚ್ಚಬೇಕೋ ನನಗೆ ತಿಳಿಯಲಿಲ್ಲ.

ಕೆಲಸದಲ್ಲಿ ನಾನೊಂದು ನೇಮ ಇಟ್ಟುಕೊಂಡಿದ್ದೆ. ಪೊಲೀಸರು ಹೇಳಿದ್ದು, ಬೀದಿಯವರು ಕಂಡದ್ದು, ಇವೆರಡನ್ನು ಬಿಟ್ಟು ಬೇರೆ ಹೇಳುವುದಿಲ್ಲ. ಮುಖ್ಯವಾಗಿ, ಸತ್ತವರ ಬಾಯಿಗೆ ಮಾತು ಹಾಕುವುದಿಲ್ಲ. ಪತ್ರಿಕೆಯಲ್ಲಿದ್ದಾಗ ಕೆಲವರು ಹಾಗೆ ಬರೆಯುತ್ತಿದ್ದರು, 'ಅಯ್ಯೋ ಬಿಟ್ಟುಬಿಡಿ ಎಂದು ಅಂಗಲಾಚಿದಳು' ಎಂದೆಲ್ಲ. ಅವಳು ಅಂಗಲಾಚಿದ್ದನ್ನು ಕೇಳಿಸಿಕೊಂಡವನು ಕೊಂದವನು ಒಬ್ಬನೇ ತಾನೆ? ನನಗೆ ಅದು ಹೇಸಿಗೆ ಎನಿಸುತ್ತಿತ್ತು. ಹೆಸರುಗಳನ್ನೂ ಬದಲಿಸಿ ಹೇಳುತ್ತೇನೆ. ಇಲ್ಲೂ ಬದಲಿಸಿದ್ದೇನೆ.

ನಡಿಗೆಯ ಕೊನೆಯ ಜಾಗ ಕೆರೆ ಏರಿ. ಅಲ್ಲಿ ನಾನು ಹೇಳುವುದು ಗೌರಮ್ಮನ ಕಥೆ. ನಾಲ್ಕು ದಶಕದ ಹಿಂದಿನದು. ಅವಳ ಮಗನಿಗೆ ಐದೋ ಆರೋ ವರ್ಷ, ಅವನಿಗೆ ಸೀತಾಳ ಸಿಡುಬು ಬಂದಿತ್ತು. ನಮ್ಮ ಕಡೆ ಅದನ್ನು 'ಅಮ್ಮ ಆಗಿದೆ' ಎನ್ನುತ್ತಾರೆ. ಅಮ್ಮ ಆದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಅಕ್ಕಪಕ್ಕದವರು ಆ ಮನೆಯೊಳಗೆ ಕಾಲಿಡುವುದಿಲ್ಲ. ಮಗುವಿನ ತಲೆಗೆ ನೀರು ಹಾಕುವವರೆಗೂ ಒಲೆಯ ಮೇಲೆ ಒಗ್ಗರಣೆ ಇಲ್ಲ, ತಾಯಿ ತಲೆ ಬಾಚುವಂತಿಲ್ಲ, ಹೂವು ಮುಡಿಯುವಂತಿಲ್ಲ. ಅಂಥದ್ದರಲ್ಲಿ ಒಂದು ಮಧ್ಯಾಹ್ನ ಗೌರಮ್ಮ ತಲೆ ಬಾಚಿ, ಹೂವು ಮುಡಿದು, ಮಗನನ್ನು ಒಬ್ಬನೇ ಬಿಟ್ಟು ಹೊರಟದ್ದನ್ನು ಬೀದಿಯವರು ಕಂಡರು. ಬಾಗಿಲಲ್ಲಿ ಬೇವಿನ ಸೊಪ್ಪು ಇನ್ನೂ ಇತ್ತು. ಅತ್ತೆ ತನ್ನ ಮಗಳ ಬಾಣಂತನಕ್ಕೆಂದು ನಂದಗುಡಿಗೆ ಹೋಗಿದ್ದಳು, ಗಂಡ ಲಾರಿಯ ಮೇಲೆ ಹೊರಗೆ ಹೋಗಿದ್ದ. ಗೌರಮ್ಮ ಹೋದ ದಾರಿ ಏರಿಯ ಕಡೆಯದು, ಕೋಲಾರದ ಬಸ್ಸು ನಿಲ್ಲುತ್ತಿದ್ದದ್ದೂ ಅದೇ ಕಡೆ. ಮಾರನೆಯ ದಿನ ಏರಿಯ ಕೆಳಗಿನ ಹೊಂಗೆ ಮರಗಳ ಹಿಂದೆ ಅವಳ ಹೆಣ ಸಿಕ್ಕಿತು. ಕುತ್ತಿಗೆ ಹಿಸುಕಿದ್ದರು. ಮೈಮೇಲೆ ಒಡವೆ ಇರಲಿಲ್ಲ. ಕೊಂದವನು ಸಿಗಲೇ ಇಲ್ಲ.

ಬೀದಿ ಮಾತ್ರ ತನ್ನ ತೀರ್ಪು ಕೊಟ್ಟಾಗಿತ್ತು. ಕಾಯಿಲೆಯ ಮಗುವನ್ನು ಬಿಟ್ಟು ಯಾರ ಜೊತೆಗೋ ಓಡಿಹೋಗುತ್ತಿದ್ದಳು, ಅವನೇ ಕೊಂದ ಎಂದು. ನಾನೂ ಅದನ್ನು ಹಾಗೇ ಹೇಳುತ್ತಿದ್ದೆ. 'ಬೀದಿಯವರು ಹೀಗೆನ್ನುತ್ತಾರೆ' ಎಂದು ಸೇರಿಸುತ್ತಿದ್ದೆ, ಅಷ್ಟೇ.

ಆ ಭಾನುವಾರ ಬೇಸಿಗೆಯ ಬಿಸಿಲು ಎಂಟು ಗಂಟೆಗೇ ಚುರುಗುಟ್ಟುತ್ತಿತ್ತು. ಹಿಂದಿನ ರಾತ್ರಿ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಗುಂಪಿನಲ್ಲಿ ಎಂದಿನಂತೆ ಟೋಪಿ ಹಾಕಿದವರು, ನೀರಿನ ಬಾಟಲಿ ಹಿಡಿದವರು. ಅವರ ನಡುವೆ ಒಬ್ಬ ಮಾತ್ರ ಬೇರೆಯಾಗಿ ಕಾಣುತ್ತಿದ್ದ. ನಲವತ್ತೈದರ ಆಸುಪಾಸಿನ ಗಂಡಸು, ಯಾವುದೋ ಕಾರ್ಖಾನೆಯ ನೀಲಿ ಅಂಗಿ, ರಾತ್ರಿ ಪಾಳಿ ಮುಗಿಸಿ ನೇರ ಬಂದವನಂತೆ ಕೆಂಪು ಕಣ್ಣು. ಯಾರ ಜೊತೆಯೂ ಮಾತಾಡಲಿಲ್ಲ, ಫೋಟೋ ತೆಗೆಯಲಿಲ್ಲ. ಇಡೀ ದಾರಿ ನನ್ನನ್ನೇ ನೋಡುತ್ತಾ ಕೊನೆಯಲ್ಲಿ ನಡೆದು ಬಂದ. ಇರಲಿ, ಊರಿನವನೂ ಒಬ್ಬ ಬಂದಿದ್ದಾನೆ ಎಂದುಕೊಂಡೆ.

ಏರಿಯ ಮೇಲೆ ನಿಂತು ಗೌರಮ್ಮನ ಕಥೆ ಶುರು ಮಾಡಿದೆ. ಗುಂಪಿನಲ್ಲಿ ಕನ್ನಡ ಬಾರದವರೇ ಹೆಚ್ಚಿದ್ದುದರಿಂದ ಮುಕ್ಕಾಲು ಪಾಲು ಇಂಗ್ಲಿಷಿನಲ್ಲೇ ಹೇಳುತ್ತಿದ್ದೆ. ಹೇಳುತ್ತಿದ್ದೆ ಎನ್ನುವುದೂ ಜಾಸ್ತಿಯೇ. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು, ನಾನು ಮನೆಗೆ ಹೋದಮೇಲೆ ಗ್ಯಾಸಿನವನಿಗೆ ಫೋನ್ ಮಾಡಬೇಕು ಎಂದು ಯೋಚಿಸುತ್ತಿದ್ದೆ. ತಲೆ ಬಾಚಿದಳು, ಹೂವು ಮುಡಿದಳು, ಮನೆಯಿಂದ ಹೊರಟಳು. ಆಮೇಲೆ ಹೆಣ ಸಿಕ್ಕಿದ್ದು, ಒಡವೆ ಇಲ್ಲದ್ದು, ಬೀದಿಯವರು ಅಂದದ್ದು. ಮುಗಿಸಿ, ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದೆ.

ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ಉತ್ತರದ ಕಡೆಯವಳು, ಕನ್ನಡ ಕಲಿಯುತ್ತಿದ್ದೇನೆ ಎಂದು ಮೊದಲೇ ಹೇಳಿದ್ದಳು. "ಸರ್, ನಡುವೆ ಕನ್ನಡದಲ್ಲಿ ಒಂದು ಲೈನ್ ಹೇಳಿದ್ರಲ್ಲ, ಮಗುಗೆ ಹೇಳಿದ್ದು. ಅದರ ಮೀನಿಂಗ್ ಏನು?"

ಯಾವ ಸಾಲು ಎಂದು ಕೇಳಿದೆ. ಅವಳು ತಡವರಿಸುತ್ತಾ 'ಅಕ್ಕಿ' ಎಂದಳು, 'ಬಂದು' ಎಂದಳು. ಪಕ್ಕದಲ್ಲಿದ್ದ ಕನ್ನಡದವನೊಬ್ಬ ನೆರವಿಗೆ ಬಂದ. "ಅದೇ ಸರ್, ಹೊರಡೋವಾಗ ಮಗನಿಗೆ ಹೇಳಿದ್ಲು ಅಂದ್ರಲ್ಲ. 'ಅಕ್ಕಿ ನೆನೆ ಹಾಕಿವ್ನಿ ಕಣಪ್ಪ, ಕೈ ಇಕ್ಬ್ಯಾಡ, ಬಂದು ಕುಟ್ತೀನಿ' ಅಂತ. ಚೆನ್ನಾಗಿ ಮಿಮಿಕ್ರಿ ಮಾಡಿದ್ರಿ."

ಓದುಗರೇ, ಆ ಮಾತನ್ನು ನಾನು ಅದುವರೆಗೆ ಯಾವತ್ತೂ ಹೇಳಿರಲಿಲ್ಲ. ಯಾರಿಂದಲೂ ಕೇಳಿರಲಿಲ್ಲ. ಆದರೆ ಅವನು ಅದನ್ನು ಒಪ್ಪಿಸಿದ ಕ್ಷಣ ನನ್ನ ಬಾಯಿಗೆ ಅದರ ಗುರುತು ಸಿಕ್ಕಿತು. ಹೌದು, ನಾನೇ ಹೇಳಿದ್ದೆ, ಈಗಷ್ಟೇ. ಗ್ಯಾಸಿನವನ ಯೋಚನೆಯ ಮಧ್ಯೆ ಅದು ನನ್ನಿಂದಲೇ ಹೊರಗೆ ಬಂದಿತ್ತು. ಮೈ ನಡುಗಲಿಲ್ಲ, ಕಣ್ಣಿಗೆ ಕತ್ತಲೆ ಕವಿಯಲಿಲ್ಲ. ಬಿಸಿಲು ಹಾಗೇ ಇತ್ತು, ಹೆದ್ದಾರಿಯ ಕಡೆಯಿಂದ ಲಾರಿಗಳ ಹಾರ್ನ್ ಕೇಳುತ್ತಿತ್ತು. ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ನಾಚಿಕೆ. ಸತ್ತವಳ ಬಾಯಿಗೆ ಮಾತು ಹಾಕಿಬಿಟ್ಟೆನಲ್ಲ ಎಂದು. ಹುಡುಗಿಗೆ ಅರ್ಥ ಹೇಳಿ, ತಲೆ ತಗ್ಗಿಸಿ ನಡಿಗೆ ಮುಗಿಸಿದೆ. ಅವರು ಎಂದಿನಂತೆ ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ನೀಲಿ ಅಂಗಿಯವನು ಅಲ್ಲೇ ನಿಂತಿದ್ದ. ಹತ್ತಿರ ಬಂದ. "ಸಾರ್, ಆ ಮಾತು ನಿಮ್ಗೆ ಯಾರ್ ಹೇಳಿದ್ದು?" ಎಂದ.

ಯಾರೂ ಹೇಳಲಿಲ್ಲ, ಸುಮ್ಮನೆ ಬಾಯಿಗೆ ಬಂತು, ತಪ್ಪಾಯಿತು ಎಂದೆ. ಅವನು ಏರಿಯ ಕಲ್ಲಿನ ಮೇಲೆ ಕುಸಿದು ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಸಾವಿನ ಮನೆಗಳಲ್ಲೂ ಕಂಡದ್ದು ಕಡಿಮೆ. ಬಿಟ್ಟು ಹೋಗಲು ಮನಸ್ಸಾಗದೆ ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತಿನ ಮೇಲೆ ಅವನೇ ಹೇಳಿದ, ತಾನು ಗೌರಮ್ಮನ ಮಗ ಎಂದು. ಅವನ ಹೆಸರನ್ನು ಮುನಿರಾಜು ಎಂದಿಟ್ಟುಕೊಳ್ಳಿ. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಯಾರೋ ಒಬ್ಬ ಮನುಷ್ಯ ಪ್ರತಿ ವಾರ ಸಿಟಿಯವರನ್ನು ಕೂಡಿಸಿಕೊಂಡು ನಿಮ್ಮ ತಾಯಿಯ ಕಥೆ ಹೇಳುತ್ತಾನೆ ಎಂದು ಜೊತೆಯವನೊಬ್ಬ ಹೇಳಿದ್ದನಂತೆ.

"ಇವತ್ತು ನಿಮ್ಗೆ ಹೊಡಿಯಕ್ಕೆ ಅಂತ್ಲೇ ಬಂದಿದ್ದೆ ಸಾರ್," ಎಂದ. "ಹೂವು ಮುಡ್ಕೊಂಡು ಓಡೋದ್ಲು ಅಂತ ನೀವೂ ಅಂದ್ರೆ ಇಲ್ಲೇ ಕೆರೆಗೆ ನೂಕ್ಬಿಡಾನ ಅಂತಿದ್ದೆ. ಅಷ್ಟ್ರಲ್ಲಿ ನೀವು ಆ ಮಾತು ಅಂದ್ರಿ."

ಅವನು ಆಮೇಲೆ ಹೇಳಿದ್ದು ಇದು. ಆ ಬೆಳಿಗ್ಗೆ ತಾಯಿ ಅವನ ತಲೆಗೆ ಬೇವಿನ ನೀರು ಹಾಕಿದ್ದಳು. ತಾನೂ ತಲೆ ತುಂಬ ನೀರು ಹಾಕಿಕೊಂಡಳು. ಅಂದರೆ ಅಮ್ಮ ಇಳಿದು ಮುಗಿದಿತ್ತು, ತಾಯಿ ತಲೆ ಬಾಚಬಹುದಿತ್ತು, ಹೂವು ಮುಡಿಯಬಹುದಿತ್ತು. ನೀರು ಹಾಕಿದ ದಿನ ಅಕ್ಕಿ ನೆನೆಹಾಕಿ ಕುಟ್ಟಿ, ಬೆಲ್ಲ ಬೆರೆಸಿ ತಂಬಿಟ್ಟು ಮಾಡಿ ಮಾರಮ್ಮನಿಗೆ ಆರತಿ ಕೊಡುವುದು ನಮ್ಮ ಕಡೆಯ ಪದ್ಧತಿ. ಗೌರಮ್ಮ ಅಕ್ಕಿ ನೆನೆಹಾಕಿ, ಅದು ನೆನೆಯುವಷ್ಟರಲ್ಲಿ ಏರಿಯಾಚೆಯ ಮಾರಮ್ಮನ ಗುಡಿಯ ಮುಂದೆ ಗುಡಿಸಿ ನೀರು ಚಿಮುಕಿಸಿ ಬರಲು ಹೊರಟಿದ್ದಳು. ಬೀದಿಯವರು ಆ ಮನೆಯೊಳಗೆ ಬರುತ್ತಿರಲಿಲ್ಲವಾದ್ದರಿಂದ ನೀರು ಹಾಕಿದ್ದು ಅವರಿಗೆ ಗೊತ್ತಾಗಲಿಲ್ಲ. ಅವರು ಕಂಡದ್ದು ಆರತಿ ಆಗುವವರೆಗೂ ತೆಗೆಯದೆ ಬಾಗಿಲಲ್ಲಿ ಬಿಟ್ಟಿದ್ದ ಬೇವಿನ ಸೊಪ್ಪು, ಅವಳ ತಲೆಯಲ್ಲಿದ್ದ ಹೂವು, ಎರಡೇ.

ಹೊರಡುವಾಗ ಮಗನಿಗೆ ಆ ಮಾತು ಹೇಳಿದ್ದಳು. ಅದು ಮಾರಮ್ಮನ ಮೀಸಲು ಅಕ್ಕಿ, ಆರತಿಗೆ ಮುಂಚೆ ಯಾರೂ ಎಂಜಲು ಮಾಡಬಾರದು. ಆದರೆ ಎಷ್ಟೋ ದಿನದಿಂದ ಬರೀ ಗಂಜಿ ಕುಡಿದಿದ್ದ ಹುಡುಗ. ಹಸಿವು. ಒಂದು ಹಿಡಿ ತಿಂದ, ಇನ್ನೊಂದು ಹಿಡಿ ತಿಂದ. ಆಮೇಲೆ ಭಯವಾಯಿತು. ಅವ್ವ ಬಂದರೆ ಬೈಯುತ್ತಾಳೆ ಎಂದು ಉಳಿದದ್ದನ್ನೆಲ್ಲ ಹಿತ್ತಲ ತಿಪ್ಪೆಗೆ ಸುರಿದ. ಕೋಳಿಗಳು ತಿಂದವು. ಪಾತ್ರೆ ತೊಳೆದು ಬೋರಲು ಹಾಕಿದ. ತಾಯಿ ಬರಲಿಲ್ಲ.

ಅವನು ಅದನ್ನು ಯಾರಿಗೂ ಹೇಳಲಿಲ್ಲ. ಅಪ್ಪನಿಗೆ, ಅಜ್ಜಿಗೆ, ಪೊಲೀಸರಿಗೆ, ಆಮೇಲೆ ಹೆಂಡತಿಗೆ, ಯಾರಿಗೂ ಇಲ್ಲ. ಮೀಸಲು ಮುಟ್ಟಿದ್ದಕ್ಕೆ ಮಾರಮ್ಮ ಮುನಿದು ತಾಯಿಯನ್ನು ಕೊಂಡೊಯ್ದಳು ಎಂದು ಆ ವಯಸ್ಸಿನಲ್ಲಿ ಅವನ ತಲೆಯಲ್ಲಿ ಕೂತುಬಿಟ್ಟಿತು. ದೊಡ್ಡವನಾದ ಮೇಲೆ ಇನ್ನೊಂದು ಹೊಳೆಯಿತು. ಆ ಪಾತ್ರೆಯಲ್ಲಿ ಅಕ್ಕಿ ಇದ್ದಿದ್ದರೆ, ಮಾರನೆಯ ದಿನ ಮನೆಗೆ ಬಂದ ಅಜ್ಜಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ಓಡಿಹೋಗುವವಳು ತಂಬಿಟ್ಟಿಗೆ ಅಕ್ಕಿ ನೆನೆಹಾಕುವುದಿಲ್ಲ ಎಂದು. ಅಜ್ಜಿ ಸಾಯುವವರೆಗೂ ಸೊಸೆಯನ್ನು ಬೈದಳು. ಇವನು ಕೇಳುತ್ತಾ ಕುಳಿತಿದ್ದ. ಕಾಲ ಕಳೆದಂತೆ, ಆ ಮಾತು ನಿಜವಾಗಿ ತಾಯಿ ಆಡಿದ್ದೋ, ಜ್ವರದಲ್ಲಿ ತನಗೆ ಕೇಳಿಸಿದ್ದೋ ಎಂಬ ಅನುಮಾನವೂ ಬಂದಿತ್ತಂತೆ.

ಇಷ್ಟೆಲ್ಲ ಹೇಳಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. ಆ ನೋಟವನ್ನು ನಾನು ಮರೆಯಲಾರೆ. ದೊಡ್ಡ ಆಸ್ಪತ್ರೆಯ ಡಾಕ್ಟರ ಮುಂದೆ ಕುಳಿತವರು ಹಾಗೆ ನೋಡುತ್ತಾರೆ.

"ನಾನು ಕೈ ಇಕ್ಕಿದ್ದು ಅವ್ಳಿಗೆ ಗೊತ್ತಾಯ್ತಾ ಸಾರ್? ಅದೊಂದು ಹೇಳ್ಬಿಡಿ, ಸಾಕು."

ನನಗೇನೂ ಗೊತ್ತಿಲ್ಲಪ್ಪಾ ಎಂದೆ. ನಂಬಲಿಲ್ಲ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ಇನ್ನಷ್ಟು ಹೊತ್ತು ನೋಡಿದ. ಈ ಕಥೆ ಇನ್ನು ಮುಂದೆ ಹೇಳುವುದಿಲ್ಲ, ನಿಲ್ಲಿಸಿಬಿಡುತ್ತೇನೆ ಎಂದೆ. ಅವನು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡ. "ನಿಲ್ಲಿಸ್ಬ್ಯಾಡಿ ಸಾರ್. ಹೇಳ್ತಾ ಇರಿ. ಇನ್ನೇನಾದ್ರೂ ಬಂದಾತು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹಿಟ್ಟು ಕಲಸುತ್ತಲೇ ಕೇಳಿಸಿಕೊಂಡಳು. "ಎಲ್ಲೋ ಯಾರ ಬಾಯಲ್ಲೋ ಕೇಳಿರ್ತೀರಿ, ಮರ್ತಿರ್ತೀರಿ. ನಿದ್ದೆ ಇಲ್ದೆ ಬಿಸಿಲಲ್ಲಿ ಅಲೆದ್ರೆ ಇನ್ನೇನಾಗುತ್ತೆ," ಎಂದಳು. ನಾನೂ ಹಾಗೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಪತ್ರಿಕೆಯ ದಿನಗಳಲ್ಲಿ ಆ ಬೀದಿಯ ಎಷ್ಟೋ ಮುದುಕಿಯರ ಜೊತೆ ಕುಳಿತು ಮಾತಾಡಿದ್ದೇನೆ, ಅವರಲ್ಲೊಬ್ಬರು ಹೇಳಿರಬಹುದು. ಆದರೆ ಅವರಿಗಾದರೂ ಯಾರು ಹೇಳಬೇಕು? ಆ ಮಾತನ್ನು ಕೇಳಿದವನು ಒಬ್ಬನೇ, ಅವನು ಬಾಯಿ ಬಿಟ್ಟಿಲ್ಲ. ಇನ್ನೊಂದು ದಾರಿ, ನಾನೇ ಕಟ್ಟಿದೆ ಎನ್ನುವುದು. ಅಮ್ಮ ಆದ ಮನೆ, ತಂಬಿಟ್ಟು, ಅಕ್ಕಿ, ಇವೆಲ್ಲ ನನಗೂ ಗೊತ್ತಿರುವ ಪದ್ಧತಿಯೇ. ಗೊತ್ತಿದ್ದೂ ಇಷ್ಟು ವರ್ಷ ಅವಳು ತಲೆಗೆ ನೀರು ಹಾಕಿಕೊಂಡಿರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಬೀದಿಯವರ ಹಾಗೇ ನಾನೂ ಹೂವನ್ನೇ ನೋಡಿದ್ದೆ. ಹೊಳೆಯದೇ ಇದ್ದದ್ದು ಬಾಯಿಗೆ ಹೇಗೆ ಬಂತು? ಇಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಡುತ್ತದೆ. ಎಷ್ಟು ಸಲ ಹೊರಟರೂ ಇಲ್ಲೇ ನಿಲ್ಲುತ್ತದೆ.

ಮುಂದಿನ ಭಾನುವಾರ ಮುನಿರಾಜು ಬಂದ. ಅದರ ಮುಂದಿನ ವಾರವೂ ಬಂದ. ಪಾಳಿ ಇದ್ದರೆ ಅಂಗಿಯನ್ನೂ ಬದಲಿಸದೆ ಬರುತ್ತಾನೆ. ಬೇರೆ ಜಾಗಗಳಿಗೆ ಬರುವುದಿಲ್ಲ, ಏರಿಯ ಮೇಲೆ ಮೊದಲೇ ಬಂದು ನಿಂತಿರುತ್ತಾನೆ. ಅವನ ಒಪ್ಪಿಗೆಯಿಂದ ನಾನೀಗ ಅಕ್ಕಿಯ ವಿಷಯ ಹೇಳುತ್ತೇನೆ, ಅವಳು ವಾಪಸು ಬರಲೆಂದೇ ಹೋದವಳು ಎಂದು ಬಿಡಿಸಿ ಹೇಳುತ್ತೇನೆ. ಅಷ್ಟು ಹೇಳುವಾಗ ಅವನ ಮುಖ ಸ್ವಲ್ಪ ಹಗುರಾಗುತ್ತದೆ. ಆದರೆ ಅವನು ಬರುವುದು ಅದಕ್ಕಲ್ಲ. ನಾನು ಹೇಳಿ ಮುಗಿಸುವವರೆಗೂ ನನ್ನ ಬಾಯನ್ನೇ ನೋಡುತ್ತಾನೆ. ಮುಗಿದ ಮೇಲೆ ತಲೆ ಆಡಿಸಿ, "ಬರ್ತೀನಿ ಸಾರ್," ಎಂದು ಹೊರಟುಹೋಗುತ್ತಾನೆ. ಇದು ನನಗೆ ಎಷ್ಟು ಭಾರವಾಯಿತು ಎಂದರೆ ಶನಿವಾರ ಬಂದರೆ ಅನ್ನ ಸೇರುತ್ತಿರಲಿಲ್ಲ. ಒಬ್ಬ ಮನುಷ್ಯ ವಾರವಿಡೀ ದುಡಿದು, ಇರುವ ಒಂದು ರಜೆಯ ದಿನ ನನ್ನ ಬಾಯಿಂದ ತನ್ನ ತಾಯಿಯ ಮಾತು ಬರಲಿ ಎಂದು ಕಾಯುತ್ತಾನೆ, ನಾನು ಪ್ರತಿ ವಾರ ಬರಿಗೈಯಲ್ಲಿ ಕಳಿಸುತ್ತೇನೆ.

ಕೊನೆಗೆ ಒಂದು ವಾರ ತಡೆಯಲಾಗಲಿಲ್ಲ. ನೇಮ ಹಾಳಾಗಿ ಹೋಗಲಿ ಎಂದುಕೊಂಡೆ. ಹಿಂದಿನ ದಿನವೇ ಮಾತನ್ನು ಸಿದ್ಧ ಮಾಡಿಕೊಂಡೆ. ಅವಳ ಕಾಲದ, ಅವಳ ಬೀದಿಯ ಹೆಂಗಸು ಹೇಗೆ ಹೇಳುತ್ತಾಳೋ ಹಾಗೇ ಕಟ್ಟಿದೆ. ಏರಿಯ ಮೇಲೆ ಕಥೆ ಹೇಳುತ್ತಾ, ಮೊದಲ ಸಲ ಬಂದ ಹಾಗೆಯೇ, ಏನೂ ತಿಳಿಯದವನಂತೆ ನಡುವೆ ಸೇರಿಸಿದೆ. "ತಿಂದ್ರೆ ತಿನ್ಲಿ ಬುಡು, ಹಸ್ಕೊಂಡಿದ್ದ ಮಗ. ಮಾರಮ್ಮಂಗೆ ನಾನ್ ಹೇಳ್ಕೋತೀನಿ."

ಗುಂಪಿನಲ್ಲಿ ಒಬ್ಬಿಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ನಾನು ಮುನಿರಾಜುವಿನ ಕಡೆ ನೋಡಲಿಲ್ಲ. ಎಲ್ಲರೂ ಹೋದ ಮೇಲೆ ಅವನು ಹತ್ತಿರ ಬಂದ. ಅಳುತ್ತಿರಲಿಲ್ಲ. ನನ್ನ ತೋಳಿನ ಮೇಲೆ ಕೈ ಇಟ್ಟ.

"ಇದು ನೀವು ಹೇಳಿದ್ದು ಸಾರ್," ಎಂದ.

ನಾನು ಕೆರೆಯ ಕಡೆ ಮುಖ ತಿರುಗಿಸಿದೆ.

"ಇರ್ಲಿ ಬುಡಿ. ಒಳ್ಳೇ ಮನ್ಸಿಂದ್ಲೇ ಹೇಳಿದ್ರಿ. ಅದ್ಕೇ ನಾನೇನೂ ಬ್ಯಾಸ್ರ ಮಾಡ್ಕಳಾಕಿಲ್ಲ."

ಹೇಗೆ ಗೊತ್ತಾಯಿತು ಎಂದು ಕೇಳಿದೆ. ನಿಜವಾಗಿಯೂ ತಿಳಿಯಬೇಕಿತ್ತು ನನಗೆ. ಎರಡೂ ನನ್ನ ಬಾಯಿಂದಲೇ ಬಂದದ್ದು, ಎರಡೂ ಅದೇ ಗಂಟಲು. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನಮ್ಮವ್ವನ ಮಾತು ನಂಗೆ ಗೊತ್ತಾಗಕಿಲ್ವಾ ಸಾರ್?" ಎಂದ.

ಇದಾಗಿ ಬಹಳ ದಿನವಾಯಿತು. ನನಗೆ ಇವತ್ತಿಗೂ ಇದರ ತಲೆಬುಡ ತಿಳಿದಿಲ್ಲ, ತಿಳಿಯುತ್ತದೆ ಎಂಬ ಆಸೆಯನ್ನೂ ಬಿಟ್ಟಿದ್ದೇನೆ. ಮಂಡಿ ಬಾತಿದೆ, ಈ ಕೆಲಸ ಬಿಡಿ ಎಂದು ಡಾಕ್ಟರೂ ಹೆಂಡತಿಯೂ ಒಟ್ಟಿಗೆ ಹೇಳುತ್ತಾರೆ. ಉಳಿದ ಜಾಗಗಳನ್ನು ಒಂದೊಂದಾಗಿ ಕಡಿಮೆ ಮಾಡಿದ್ದೇನೆ. ಕೆರೆ ಏರಿಯನ್ನು ಬಿಟ್ಟಿಲ್ಲ. ಅಲ್ಲಿ ನಿಂತು, ತಲೆ ಬಾಚಿದಳು, ಹೂವು ಮುಡಿದಳು, ಮನೆಯಿಂದ ಹೊರಟಳು ಎನ್ನುವವರೆಗೂ ಹೇಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ. ಬಂದವರು ಅದು ಕಥೆ ಹೇಳುವ ವರಸೆ ಎಂದುಕೊಂಡು ಅವರೂ ಸುಮ್ಮನಾಗುತ್ತಾರೆ. ಹಿಂದೆ ಮುನಿರಾಜು ಕತ್ತು ಮುಂದೆ ಚಾಚಿ ನಿಂತಿರುತ್ತಾನೆ. ನಾನೂ ಅವನ ಜೊತೆ ಕಾಯುತ್ತೇನೆ.